ತಂಗಿಕೆರೆಗೆ ಆ ಹೆಸರು ಬಂದದ್ದು

ಬಿಳಿಗಲ್ಲು ದುರ್ಗದ ಬುಡದಲ್ಲಿ ಬಸ್ಸಿಳಿದು ಪಡುವಣ ದಾರಿ ಹಿಡಿದರೆ ಮೊದಲು ಸಿಗುವುದು ತಂಗಿಕೆರೆ. ಚಿಕ್ಕದಾದರೂ ಲಕ್ಷಣವಾದ ಕೆರೆ. ಏರಿಯ ಮೇಲೆ ಹುಣಸೆ ಮರಗಳ ಸಾಲು, ಒಳಮೈಗೆ ಒಪ್ಪವಾಗಿ ಕೂರಿಸಿದ ಕಲ್ಲು, ಮೆಟ್ಟಿಲುಗಳ ಬಳಿ ತಾವರೆ. ಕಡುಬೇಸಿಗೆಯಲ್ಲೂ ಇದರ ತಳ ಕಂಡವರು ಈಗಿನವರಲ್ಲಿ ಯಾರೂ ಇಲ್ಲ. ತಂಗಿ ಇದ್ದ ಮೇಲೆ ಅಕ್ಕನೂ ಇರಬೇಕಲ್ಲ ಎಂದು ಬಂದವರು ಕೇಳುತ್ತಾರೆ. ಆಗ ಊರಿನವರು ತೆಂಕಣ ದಿಕ್ಕಿಗೆ ಕೈ ತೋರಿಸುತ್ತಾರೆ. ಅಲ್ಲಿ ಇದಕ್ಕಿಂತ ಎಷ್ಟೋ ಪಾಲು ಉದ್ದದ, ಎರಡು ಗಾಡಿ ಎದುರುಬದುರಾಗಿ ಹಾಯುವಷ್ಟು ಅಗಲದ ಏರಿಯೊಂದು ನಟ್ಟನಡುವೆ ಬಾಯಿ ಬಿಟ್ಟುಕೊಂಡು ನಿಂತಿದೆ. ನೀರಿರಬೇಕಾದ ಜಾಗದಲ್ಲಿ ಜೋಳ, ಕಡಲೆ ಬೆಳೆಯುತ್ತಾರೆ. ಇಷ್ಟು ದೊಡ್ಡ ಕೆರೆ ಒಡೆದದ್ದು ಹೇಗೆ, ಒಡೆದ ಮೇಲೆ ಯಾರೂ ಯಾಕೆ ಕಟ್ಟಲಿಲ್ಲ ಎಂದರೆ ಎಂಜಿನಿಯರುಗಳು ಏನೇನೋ ಕಾರಣ ಕೊಟ್ಟಾರು. ದುರ್ಗದ ಹಿರಿಯರು ಕೊಡುವ ಕಾರಣ ಒಂದೇ, ಹೊಟ್ಟೆಕಿಚ್ಚು. ಆದರೆ ಆ ಮಾತನ್ನು ಅವರು ಬೈಗುಳದ ಹಾಗೆ ಆಡುವುದಿಲ್ಲ.

ಹಿಂದೆ ಒಮ್ಮೆ ಈ ದುರ್ಗವನ್ನು ಕೆಂಚಪ್ಪ ನಾಯಕನೆಂಬ ಪಾಳೆಯಗಾರ ಆಳುತ್ತಿದ್ದ. ಅವನಿಗೆ ಇಬ್ಬರು ಹೆಂಡಿರು. ಹಿರಿಯಳು ಗಿರಿಯವ್ವ ನಾಗತಿ, ಕಿರಿಯಳು ಹಂಪವ್ವ ನಾಗತಿ. ಗಿರಿಯವ್ವ ಸೊಸೆಯಾಗಿ ಬಂದಾಗ ದುರ್ಗದಲ್ಲಿ ಕುಡಿಯುವ ನೀರಿಗೂ ತತ್ವಾರ. ತವರಿನವರು ಹಾಕಿದ್ದ ಒಡವೆಯನ್ನೆಲ್ಲ ಕಳಚಿಕೊಟ್ಟು, ಒಡ್ಡರ ಹೆಂಗಸರ ಸಾಲಿನಲ್ಲಿ ತಾನೂ ಮಣ್ಣಿನ ಪುಟ್ಟಿ ಹೊತ್ತು ಅವಳು ಆ ದೊಡ್ಡ ಕೆರೆಯನ್ನು ಕಟ್ಟಿಸಿದಳು. ಹೆತ್ತ ಹೆಣ್ಣುಮಕ್ಕಳು ಮದುವೆಯಾಗಿ ಬೇರೆ ಬೇರೆ ಪಾಳೆಯಪಟ್ಟುಗಳಿಗೆ ಹೋದ ಮೇಲೆ ದುರ್ಗದಲ್ಲಿ ಅವಳ ಹೆಸರು ಹೇಳುವುದಕ್ಕೆ ಉಳಿದದ್ದು ಅದೊಂದೇ, ಗಿರಿಯವ್ವನ ಕೆರೆ. ತಾನು ಸತ್ತ ಮೇಲೂ ಜನ ಆ ಹೆಸರು ಹಿಡಿದು ನೀರಿಗೆ ಹೋಗುತ್ತಾರೆ ಎಂಬ ಒಂದು ನೆಮ್ಮದಿಯ ಮೇಲೆ ಅವಳು ಬದುಕಿದ್ದಳು. ಅಷ್ಟರಲ್ಲಿ ಹೊಳೆದಂಡೆಯ ಸೀಮೆಯಿಂದ ಹಂಪವ್ವ ಬಂದಳು. ಬಂದವಳು ಸುಮ್ಮನಿರದೆ ಅಕ್ಕನನ್ನು ನೋಡಿ ತಾನೂ ಒಂದು ಕೆರೆ ಕಟ್ಟಿಸಿದಳು.

ಕಟ್ಟಿಸಿಕೊಳ್ಳಲಿ, ಅದಕ್ಕೇನಂತೆ ಎಂದುಕೊಂಡಿದ್ದ ಗಿರಿಯವ್ವನಿಗೆ ಬರಬರುತ್ತ ಹೊಟ್ಟೆ ಉರಿಯತೊಡಗಿತು. ದೊಡ್ಡ ಕೆರೆಯ ನೀರಿಗೆ ಕೊಂಚ ಸವುಳು, ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ. ಹಂಪವ್ವನ ಕೆರೆಯ ನೀರು ಸಿಹಿ, ಒಂದು ಕುದಿ ಬಂದರೆ ಬೇಳೆ ಕರಗುತ್ತಿತ್ತು. ಊರ ಹೆಂಗಸರು ಮೆಲ್ಲಮೆಲ್ಲನೆ ಕೊಡ ಹೊತ್ತು ಆ ಕಡೆ ತಿರುಗಿದರು. ಅರಮನೆಯ ಅಡುಗೆಗೆ ದೊಡ್ಡ ಕೆರೆಯ ನೀರೇ ಆಗಬೇಕೆಂದು ಗಿರಿಯವ್ವ ಕಟ್ಟಪ್ಪಣೆ ಮಾಡಿದಳು. ನಾಯಕ ಕೆಲವು ದಿನ ಗಟ್ಟಿಬೇಳೆಯ ಸಾರನ್ನು ತುಟಿ ಪಿಟ್ಟೆನ್ನದೆ ಉಂಡ. ಆಮೇಲೆ ಏನಾದರೊಂದು ನೆಪ ತೆಗೆದು ಕಿರಿಯಳ ಮನೆಯಲ್ಲಿ ಊಟ ಮುಗಿಸಿಕೊಂಡು ಬರತೊಡಗಿದ. ಅವನು ತೇಗುತ್ತ ಬಂದ ಸಂಜೆಗಳಲ್ಲಿ ಗಿರಿಯವ್ವ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳಂತೆ. ಇದರ ಮೇಲೆ ಹಂಪವ್ವ ಕಂಡಾಗಲೆಲ್ಲ ಓಡಿಬಂದು ಕಾಲಿಗೆ ಬೀಳುತ್ತಿದ್ದಳು, ಅಕ್ಕಾ ಅಕ್ಕಾ ಎಂದು ಬಾಯಿ ತುಂಬ ಕರೆಯುತ್ತಿದ್ದಳು. ಜಗಳ ತೆಗೆಯುವುದಕ್ಕೆ ಒಂದು ಕಾರಣವನ್ನೂ ಕೊಡದವಳ ಮೇಲೆ ಸಿಟ್ಟು ಇಳಿಸುವುದಾದರೂ ಹೇಗೆ?

ಹೀಗಿರುವಾಗ ಒಂದು ವರ್ಷ, ಹಿಂಗಾರಿನ ಜೋಳ ಎದೆಮಟ್ಟ ಬೆಳೆದಿದ್ದ ಹೊತ್ತಿಗೆ, ಬಡಗಲ ಸೀಮೆಯಿಂದ ದೊಡ್ಡ ದಂಡು ಬರುತ್ತಿದೆ ಎಂಬ ಸುದ್ದಿ ಬಂತು. ದಾರಿಯ ಊರುಗಳಿಗೆ ಬೆಂಕಿ ಇಡುತ್ತ, ಎತ್ತು ಹೂಡಿದ ಫಿರಂಗಿಗಳನ್ನು ಎಳೆದುಕೊಂಡು ಬರುತ್ತಿದ್ದಾರೆ ಎಂದರು. ಜನ ಯಾರ ಅಪ್ಪಣೆಗೂ ಕಾಯಲಿಲ್ಲ. ಕುರುಬರು ಮಂದೆ ಅಟ್ಟಿಕೊಂಡು ಗುಡ್ಡ ಹತ್ತಿದರು. ಕುಂಬಾರರು ಹಸಿ ಮಡಕೆಗಳನ್ನು ಹಾಗೆಯೇ ಬಿಟ್ಟು ಕೋಟೆಗೆ ಕಲ್ಲು ಹೊರಲು ಬಂದರು. ಬಲಿಯದ ತೆನೆಯನ್ನೇ ಕೊಯ್ದು ನೆಲದಡಿಯ ಹಗೇವಿಗೆ ತುಂಬಿದರು. ಅರಮನೆಯಲ್ಲಿ ಮಾತ್ರ ಮಾತು ಮುಗಿಯಲಿಲ್ಲ. ಕಪ್ಪ ಕಟ್ಟಿ ಕೈ ತೊಳೆದುಕೊಳ್ಳೋಣ ಎಂದು ಒಬ್ಬರು, ಕಾಡು ಸೇರೋಣ ಎಂದು ಮತ್ತೊಬ್ಬರು. ದಳವಾಯಿ ಹನುಮಗೊಂಡ ಮೀಸೆ ತಿರುವಿದ್ದೇ ತಿರುವಿದ್ದು. ನಾಯಕ ಮನೆದೇವರ ಮುಂದೆ ಕೂತು ಹೂವಿನ ಅಪ್ಪಣೆ ಕೇಳಿದ. ಹೂವು ಬಲಕ್ಕೆ ಬಿತ್ತು, ನಿಂತು ಕಾದಾಡುವುದೆಂದಾಯಿತು.

ಕೋಟೆಯ ಬಡಗಣಕ್ಕೆ ಕಡಿದಾದ ಬಂಡೆ, ದಂಡು ಸುತ್ತಿಕೊಂಡು ಎರೆಬಯಲನ್ನು ಹಾದೇ ಬರಬೇಕು. ಎರೆ ನೆಲ ಒಣಗಿದ್ದರೆ ಬಂಡೆ, ನೆನೆದರೆ ಇಟ್ಟ ಹೆಜ್ಜೆಯನ್ನು ಕಿತ್ತುಕೊಳ್ಳಲು ಬಿಡದ ಅಂಟು. ಆ ಬಯಲಿನ ಮೇಲ್ಬದಿಯಲ್ಲಿ ಎರಡೂ ಕೆರೆಗಳು ತುಂಬಿ ನಿಂತಿದ್ದವು. ಒಂದನ್ನು ಒಡೆದು ಬಯಲನ್ನು ಕೆಸರು ಮಾಡಿಬಿಟ್ಟರೆ ಫಿರಂಗಿ ಅಲ್ಲೇ ಹೂತುಹೋಗುತ್ತದೆ ಎಂದು ದಳವಾಯಿ ಹೇಳಿದ. ಯಾವುದನ್ನು ಎಂದು ನಾಯಕ ಚಾವಡಿಯಲ್ಲಿದ್ದವರನ್ನು ಕೇಳಿದ. ಒಡೆಯಬೇಕಾದದ್ದು ದೊಡ್ಡ ಕೆರೆ ಎಂಬ ಅನುಮಾನ ಎಲ್ಲರಿಗೂ ಇತ್ತು. ಆದರೆ ಹಿರೇನಾಗತಿ ಕಂಬದ ಪಕ್ಕದಲ್ಲೇ ಕೂತಿದ್ದಳು. ಬಡಗಲ ದಂಡಿಗೆ ಎದೆ ಕೊಡುವೆನೆಂದ ಗಂಡಸರು ಅವಳ ಮೋರೆಯ ಕಡೆ ನೋಡಲಾರದೆ ನೆಲ ನೋಡಿದರು.

“ಸಣ್ಣಕೆರೆ ಏರಿ ಹೊಸದು, ಮಣ್ಣು ಇನ್ನೂ ಕೂತಿಲ್ಲ. ಅದನ್ನ ಕಡಿಯೋದು ಸಲೀಸು” ಎಂದಳು ಗಿರಿಯವ್ವ.

ಹೊರೆ ಇಳಿದಂತಾಗಿ ಎಲ್ಲರೂ ಹೌದೌದು ಎಂದರು. ಹಂಪವ್ವನ ಕಣ್ಣಲ್ಲಿ ನೀರು ತುಳುಕಿತಾದರೂ “ದುರ್ಗ ಉಳಿಯೋದಾದರೆ ಆಗಲಿ ಅಕ್ಕಾ” ಎಂದಳು. ಸಣ್ಣಕೆರೆಯ ನೀರು ಎರೆಬಯಲಿನ ಅರ್ಧಕ್ಕೂ, ನಡುವಿನ ಬೇವಿನಮರದ ದಿನ್ನೆಯವರೆಗೂ ಬರುವುದಿಲ್ಲ ಎಂಬುದು ಗಿರಿಯವ್ವನಿಗೆ ಗೊತ್ತಿತ್ತು. ಆ ಬಯಲಿಗೆ ನೀರು ಹಾಯಿಸಿಯೇ ಅವಳ ತಲೆ ನರೆತಿತ್ತು, ಆ ನೆಲದ ದಾಹ ಎಷ್ಟೆಂದು ಅವಳಿಗಿಂತ ಬಲ್ಲವರಿರಲಿಲ್ಲ. ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಅವಳ ಕೆರೆ ಇರುವುದಿಲ್ಲ, ನನ್ನದು ಇರುತ್ತದೆ ಎಂಬುದನ್ನು ಬಿಟ್ಟು ಆ ಹೊತ್ತು ಅವಳ ತಲೆಯಲ್ಲಿ ಬೇರೆ ಯಾವುದಕ್ಕೂ ಜಾಗವಿರಲಿಲ್ಲ. ಹೊಟ್ಟೆಕಿಚ್ಚು ಮನುಷ್ಯರ ಕಣ್ಣನ್ನು ಅಷ್ಟು ಮುಚ್ಚಿಬಿಡುತ್ತದೆ ಎನ್ನುತ್ತಾರೆ.

ಆ ಸೀಮೆಯಲ್ಲಿ ಒಂದು ಪದ್ಧತಿಯಿತ್ತು. ಕೆರೆ ಎಂದರೆ ಊರಿನ ಮಗಳು. ಅದರ ಏರಿಗೆ ಗುದ್ದಲಿ ಹಾಕುವ ಮುಂಚೆ, ಗಂಡನ ಮನೆಗೆ ಕಳಿಸುವ ಮಗಳಿಗೆ ತುಂಬುವ ಹಾಗೆ ಉಡಿ ತುಂಬಬೇಕು. ಮರುದಿನ ಬೆಳಗಾಗುತ್ತಲೇ, ದಂಡು ಹಳ್ಳದಾಚೆ ಬೀಡು ಕಿತ್ತಿದೆ, ಉಣ್ಣುವ ಹೊತ್ತಿಗೆ ಬಯಲಿಗೆ ಇಳಿಯುತ್ತದೆ ಎಂದು ಬೇಹಿನವರು ಹೇಳಿದರು. ದಳವಾಯಿಯ ಆಳುಗಳು ಗುದ್ದಲಿ ಹಿಡಿದು ಸಣ್ಣಕೆರೆಯ ಏರಿಯ ಮೇಲೆ ಸಾಲಾಗಿ ನಿಂತರು. ಊರಿಗೆ ಊರೇ ಅಕ್ಕಿ, ಕಾಯಿ, ಕುಪ್ಪಸದ ಕಣ, ಬಳೆ ಹಿಡಿದು ಆ ಕಡೆ ನಡೆಯಿತು. ಗಿರಿಯವ್ವ ಕೋಟೆಯ ಬತೇರಿಯ ಮೇಲೆ ನಿಂತು ನೋಡಿದಳು. ತನ್ನ ಆಸೆ ಕೈಗೂಡುವುದನ್ನು ಕಣ್ಣಾರೆ ಕಾಣಬೇಕೆಂದೇ ಹತ್ತಿದ್ದಳು. ಆದರೆ ಕಂಡದ್ದೇ ಬೇರೆ. ಹೆಂಗಸರು ಗೊಳೋ ಎಂದು ಅಳುತ್ತ ನೀರಿಗೆ ಅಕ್ಕಿ ಹಾಕುತ್ತಿದ್ದರು. ಮುದುಕಿಯರು ಹಂಪವ್ವನನ್ನು ತಬ್ಬಿಕೊಂಡು ಸೆರಗಿನಿಂದ ಕಣ್ಣೊರೆಸುತ್ತಿದ್ದರು. ಅಲ್ಲಿಯೇ ಒಬ್ಬಳು ಹಾಡು ಕಟ್ಟಿ ಹೇಳಿದಳು, ಉಳಿದವರು ಸೊಲ್ಲು ಹಿಡಿದರು. ದುರ್ಗಕ್ಕಾಗಿ ಮಡಿಲು ಬರಿದು ಮಾಡಿಕೊಂಡ ಹಂಪವ್ವ ಎಂಬ ಮಾತು ಬತೇರಿಯವರೆಗೂ ಕೇಳಿಸಿತು. ಯಾವ ಕೆರೆಗೂ ತಲೆ ಬಾಗದ ಕೆಂಚಪ್ಪ ನಾಯಕ ಪೇಟ ತೆಗೆದಿಟ್ಟು ನೆಲಕ್ಕೆ ಹಣೆ ಹಚ್ಚಿದ.

ಪಕ್ಕದಲ್ಲಿದ್ದ ದಾಸಿ ಸಣ್ಣೀರಿ ಮೂಗು ಸೊರಸೊರ ಎನಿಸುತ್ತ, “ನಮ್ಮ ಕೆರೆ ಕೋಡಿ ಬಿದ್ದಾಗ್ಲೂ ಇಷ್ಟು ಮಂದಿ ಸೇರಿರಲಿಲ್ಲ ಬಿಡ್ರವ್ವಾ” ಎಂದಳು. ಪಾಪ, ಅವಳು ಕುಹಕದಿಂದ ಹೇಳಿದ್ದಲ್ಲ.

ಗಿರಿಯವ್ವನಿಗೆ ಆಗ ಹೊಳೆಯಿತು. ಕೆರೆ ಇದ್ದಾಗ ಸಿಹಿನೀರು ಕೊಟ್ಟು ಗೆದ್ದವಳು ಈಗ ಕೆರೆ ಇಲ್ಲವಾಗಿಯೂ ಗೆಲ್ಲುತ್ತಿದ್ದಾಳೆ! ತಾನು ಏರಿಯ ಮೇಲೆ ಸವುಳು ನೀರು ಕಾದುಕೊಂಡು ಕೂತಿರಬೇಕು, ಅವಳು ಮನೆಮನೆಯ ಬೀಸುವ ಕಲ್ಲಿನ ಹಾಡಾಗಬೇಕು. ಇದನ್ನು ಸಹಿಸುವುದು ಅವಳಿಂದಾಗಲಿಲ್ಲ. ಬತೇರಿ ಇಳಿದವಳು ಪಲ್ಲಕ್ಕಿಗೂ ಕಾಯದೆ, ಸೆರಗು ಬಿಗಿದು, ತೆಂಕಣ ದಿಡ್ಡಿಬಾಗಿಲಿನಿಂದ ತನ್ನ ಕೆರೆಗೆ ಓಡಿದಳು. ನಲವತ್ತು ದಾಟಿದ ಹೆಣ್ಣು ಹಾಗೆ ಓಡಿದ್ದನ್ನು ದುರ್ಗ ಅದುವರೆಗೆ ನೋಡಿರಲಿಲ್ಲ.

ದೊಡ್ಡ ಕೆರೆಯ ಏರಿಯ ತುದಿಯಲ್ಲಿ ಒಡ್ಡರ ಹಟ್ಟಿಯಿತ್ತು. ಏರಿ ರಿಪೇರಿಯೇ ಅವರ ಕಸುಬು. ನೀರಗಂಟಿ ದುರುಗಪ್ಪ ತೂಬಿನ ಹತ್ತಿರ ಕೂತಿದ್ದವನು ಧಡಕ್ಕನೆ ಎದ್ದ.

“ಹಟ್ಟಿಯೋರನ್ನೆಲ್ಲ ಕರಿ. ಏರಿ ಕಡೀಬೇಕು.”

“ಯಾವ ಏರಿ ಅವ್ವಾರೆ?”

“ಇದೇ.”

ದುರುಗಪ್ಪ ಅವಳ ಕಾಲು ಹಿಡಿದುಕೊಂಡ. “ಬ್ಯಾಡ್ರವ್ವಾ. ನೀವೇ ಹೊತ್ತು ಹಾಕಿದ ಮಣ್ಣಿದು. ಆ ಕಡೆ ಸಣ್ಣಕೆರೆ ಕಡೀತಾ ಅವ್ರಲ್ಲ, ಅಷ್ಟು ಸಾಲದಾ?”

“ಸಾಲದು ಕಣೋ. ಆ ನೀರು ಬೇವಿನಮರದ ದಿನ್ನೆ ದಾಟಂಗಿಲ್ಲ. ನಂಗೆ ನಿನ್ನೇನೇ ಗೊತ್ತಿತ್ತು.”

“ಗೊತ್ತಿದ್ದೂ ಸುಮ್ಕಿದ್ರಾ?”

ಗಿರಿಯವ್ವ ತೂಬಿಗೆ ಒರಗಿಸಿದ್ದ ಅವನ ಗುದ್ದಲಿಯನ್ನು ಕೈಗೆತ್ತಿಕೊಂಡಳು. ಆಮೇಲೆ ಒಂದು ಗಳಿಗೆ ತಡೆದಳು. ಉಡಿ ತುಂಬದೆ ಮಗಳನ್ನು ಕಳಿಸಬಾರದು, ಆದರೆ ಅವಳ ಕೈಯಲ್ಲಿ ಒಂದು ಹಿಡಿ ಅಕ್ಕಿಯೂ ಇರಲಿಲ್ಲ. ಅಷ್ಟರಲ್ಲಿ ಬಂದು ಸೇರಿದ್ದ ಒಡ್ಡರ ಹೆಂಗಸರು ಮುಖ ಮುಖ ನೋಡಿಕೊಂಡರು. ಕಡೆಗೆ ಒಬ್ಬಾಕೆ ಸಂಕೋಚದಿಂದ ತನ್ನ ಬುತ್ತಿಯ ಗಂಟು ಬಿಚ್ಚಿದಳು. ಜೋಳದ ರೊಟ್ಟಿ, ಈರುಳ್ಳಿ, ಕೆಂಪು ಮೆಣಸಿನಕಾಯಿ. ಗಿರಿಯವ್ವ ಅದನ್ನೇ ಸೆರಗಿನಲ್ಲಿ ಹಿಡಿದು ನೀರಿಗೆ ಬಿಟ್ಟಳು. ಆಗ ಮಾತ್ರ ಅವಳಿಗೆ ಅಳು ಬಂತು, ಬಿಕ್ಕಿ ಬಿಕ್ಕಿ ಅತ್ತಳು. ಅಳುತ್ತಲೇ ಮೊದಲ ಏಟು ಹಾಕಿದಳು. ಕಟ್ಟಿದವರ ಕೈಗೇ ಕೆರೆಯ ಗುಟ್ಟು ಗೊತ್ತಲ್ಲ, ಹಟ್ಟಿಯವರೆಲ್ಲ ಸೇರಿ ಕಡಿಯತೊಡಗಿದ ಮೇಲೆ ಏರಿ ಬಹಳ ಹೊತ್ತು ತಡೆಯಲಿಲ್ಲ. ನೀರು ಒಮ್ಮೆ ಉಕ್ಕಿ, ಆಮೇಲೆ ಗುಡುಗಿನಂತೆ ಮೊರೆಯುತ್ತ ಬಯಲಿಗೆ ನುಗ್ಗಿತು.

ಸಣ್ಣಕೆರೆಯ ಏರಿಯ ಮೇಲೆ ಇನ್ನೂ ಆರತಿ ಮುಗಿದಿರಲಿಲ್ಲ. ಸದ್ದು ಕೇಳಿ ಎಲ್ಲರೂ ತಿರುಗಿ ನೋಡಿದರು. ಎತ್ತಿದ ಗುದ್ದಲಿಗಳು ಎತ್ತಿದ ಹಾಗೆಯೇ ನಿಂತವು. ಬೇವಿನಮರದ ದಿನ್ನೆಯನ್ನು ಮುಳುಗಿಸಿ, ಬಯಲಿನ ಆಚೆ ತುದಿಯವರೆಗೆ ನೀರು ಹರಡಿಕೊಂಡಿತು. ಬಡಗಲ ದಂಡು ಇಳಿದಾಗ ಮೇಲೆ ನೀರು ಇಂಗಿ ಜೋಳದ ಹೊಲವೇ ಕಾಣುತ್ತಿತ್ತು, ಒಳಗೆಲ್ಲ ಅಂಟು. ಫಿರಂಗಿಯ ಗಾಲಿಗಳು ಅಚ್ಚಿನವರೆಗೆ ಹೂತವು, ಕುದುರೆಗಳು ಹೊಟ್ಟೆಯವರೆಗೆ ಸಿಕ್ಕಿಬಿದ್ದವು. ದುರ್ಗದವರು ಬಯಲಂಚಿನ ಬಂಡೆಗಳ ಮರೆಯಿಂದ ಕವಣೆ, ಬಾಣ, ಕೋವಿ ಸಿಕ್ಕಿದ್ದರಲ್ಲಿ ಹೊಡೆದರು. ಸಂಜೆಯ ಹೊತ್ತಿಗೆ ದಂಡು ಫಿರಂಗಿಗಳನ್ನು ಕೆಸರಿನಲ್ಲೇ ಬಿಟ್ಟು ಬಂದ ದಾರಿ ಹಿಡಿಯಿತು.

ಗೆದ್ದ ಜನ ಕೂಗಾಡುತ್ತ ಒಡೆದ ಏರಿಗೆ ಬಂದರು. ಗಿರಿಯವ್ವ ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು ಅಲ್ಲಿಯೇ ನಿಂತಿದ್ದಳು. ಈಗ ನನ್ನ ಹೆಸರು ಹಿಡಿದು ಹಾಡುತ್ತಾರೆ ಎಂದು ಅವಳ ಕಿವಿ ನಿಮಿರಿತ್ತು. ಅಷ್ಟರಲ್ಲಿ ಗುಂಪನ್ನು ಸೀಳಿಕೊಂಡು ಬಂದ ಹಂಪವ್ವ ಆ ಕೆಸರುಗಾಲಿಗೆ ಹಣೆ ಹಚ್ಚಿದಳು.

“ನನ್ನ ಕೆರೆ ಉಳಿಸೋಕೆ ನಿನ್ನದನ್ನ ಒಡಕೊಂಡ್ಯಲ್ಲ ಅಕ್ಕಾ! ಇನ್ನು ಮೇಲೆ ಅದಕ್ಕೆ ನನ್ನ ಹೆಸರು ಬ್ಯಾಡ. ತಂಗಿಕೆರೆ ಅನ್ನಲಿ. ತಂಗಿ ಅಂದೋರು ಅಕ್ಕ ಯಾರು ಅಂತ ಕೇಳೇ ಕೇಳ್ತಾರೆ.”

ಜನ ಹೋ ಎಂದು ಕೂಗಿದರು. ಎಂಥ ದೊಡ್ಡ ಮನಸ್ಸು ನಮ್ಮ ಹಂಪವ್ವನದು, ತನ್ನ ಹೆಸರನ್ನೇ ಬಿಟ್ಟುಕೊಟ್ಟಳಲ್ಲ ಎಂದು ಮುದುಕಿಯರು ಲಟಿಕೆ ಮುರಿದು ದೃಷ್ಟಿ ತೆಗೆದರು. ಕೆರೆ ಒಡೆದುಕೊಂಡವಳು ತಾನು, ದೊಡ್ಡವಳೆನಿಸಿಕೊಂಡವಳು ಅವಳು. ಗಿರಿಯವ್ವ ಹಲ್ಲು ಕಚ್ಚಿ ಹಂಪವ್ವನ ರಟ್ಟೆ ಹಿಡಿದು ಎಬ್ಬಿಸಿ, ಅವಳೊಬ್ಬಳಿಗೇ ಕೇಳುವಂತೆ, “ನಿನ್ನ ಕೆರೆ ಉಳಿಸೋಕಲ್ವೇ ಒಡೆದದ್ದು. ನಿನ್ನ ಹಾಡು ನಿಲ್ಲಿಸೋಕೆ” ಎಂದಳು. ಹಂಪವ್ವ ಕಣ್ಣು ಮಿಟುಕಿಸದೆ ಅವಳನ್ನು ನೋಡಿದಳು. “ಗೊತ್ತಕ್ಕಾ” ಎಂದಳು, “ಆದರೂ ದುರ್ಗ ಉಳೀತಲ್ಲ.” ಈ ಮಾತಿನಲ್ಲಿಯೂ ಅವಳೇ ಗೆದ್ದಳೆಂದು ಗಿರಿಯವ್ವನಿಗೆ ಮೈಯೆಲ್ಲ ಉರಿದುಹೋಯಿತಂತೆ. ಮುಂದಿನ ವರ್ಷ ನಾಯಕ ಏರಿಯ ಒಡಕು ಮುಚ್ಚಿಸಲು ಹೊರಟಾಗ ಅವಳು ಅಡ್ಡ ಕೂತಳು. ಮುಚ್ಚಿದರೆ ಒಡೆದದ್ದು ಯಾರ ನೆನಪಿಗೆ ಬರುತ್ತದೆ ಎಂದು ಕೇಳಿ, ಕೆರೆಯ ಅಂಗಳವನ್ನು ಒಡ್ಡರ ಹಟ್ಟಿಗೆ ಉಂಬಳಿ ಬರೆಸಿಕೊಟ್ಟಳು.

ಇಂದಿಗೂ ಆ ಹೊಲಗಳನ್ನು ಉಳುವವರು ಒಡ್ಡರೇ. ನೋಡಲು ಬಂದವರು ಒಡೆದ ಏರಿಯ ತುದಿಗೆ ಹೋಗಿ ಕೆಳಗೆ ಇಣುಕುತ್ತಾರೆ, ಇಷ್ಟೆತ್ತರದ ಏರಿಯನ್ನು ಒಬ್ಬ ಹೆಂಗಸು ಕಡಿಸಿದಳೇ ಎಂದು ತಲೆದೂಗುತ್ತಾರೆ. ಆಮೇಲೆ ತಂಗಿಕೆರೆಗೆ ಬಂದು ಮೆಟ್ಟಿಲಲ್ಲಿ ಕೂತು, ಕಾಲು ಇಳಿಬಿಟ್ಟು, ತಾವರೆ ನೋಡಿ, ಎಷ್ಟು ಚೆಂದದ ಕೆರೆಯಪ್ಪಾ ಎನ್ನುತ್ತಾರೆ. ಬಟ್ಟೆ ಒಗೆಯುತ್ತಿರುವ ಹೆಂಗಸರಲ್ಲಿ ಯಾರಾದರೊಬ್ಬಳು ಅದನ್ನು ಕೇಳಿಸಿಕೊಂಡರೆ ಒಗೆಯುವುದನ್ನು ನಿಲ್ಲಿಸಿ, ತೆಂಕಣದ ಕಡೆ ಒಮ್ಮೆ ನೋಡಿ, “ಮೆಲ್ಲಗೆ ಅನ್ರಿ, ಅಕ್ಕ ಕೇಳಿಸ್ಕೊಂಡಾಳು” ಎನ್ನುತ್ತಾಳೆ.