ದಿಂಬಾದ ಸ್ಟ್ರಾಬೆರಿ

ಆಗ ಆ ಓಣಿಯಲ್ಲಿ ಎಲ್ಲರೂ ನಂಬಿದ್ದರು: ಗಿಡಕ್ಕೆ ಬೆರಳು ತೋರಿಸಿದರೆ ಆ ಗಿಡದ ಹಣ್ಣು ಕೈಗೆ ಸಿಗುವುದಿಲ್ಲ. ತೋರಿಸಲೇಬೇಕಿದ್ದರೆ ಬೆರಳು ಮಡಚಿ ತೋರಿಸಬೇಕು. ಮಡಚಿದ ಬೆರಳು ಗಿಡಕ್ಕೆ ಕಾಣಿಸುವುದಿಲ್ಲವಂತೆ.

ಚೆನ್ನಿಯ ಹಿತ್ತಿಲಲ್ಲಿ ಒಂದು ತೂತು ಬಕೆಟ್ಟು. ಬಕೆಟ್ಟಿನಲ್ಲಿ ಒಂದು ಸ್ಟ್ರಾಬೆರಿ ಗಿಡ. ಗಿಡದಲ್ಲಿ ಒಂದೇ ಒಂದು ಹಣ್ಣು. ಚೆನ್ನಿ ದಿನಾ ನೀರು ಹಾಕಿದಳು. ಹಣ್ಣಿಗೆ ಮಣ್ಣು ತಾಗದ ಹಾಗೆ ಕೆಳಗೆ ಒಣಹುಲ್ಲು ಹಾಸಿದಳು. ಹಣ್ಣು ಬೆಳ್ಳಗಿತ್ತು. ಆಮೇಲೆ ನಸುಗೆಂಪಾಯಿತು. ಆಮೇಲೆ ಕೆಂಪಾಯಿತು.

"ಅಮ್ಮಾ, ನೋಡು," ಎಂದು ಚೆನ್ನಿ ಬೆರಳು ತೋರಿಸಿದಳು. ನೆಟ್ಟಗಿನ ಬೆರಳು.

ಮರುದಿನ ಹಣ್ಣಿಲ್ಲ.

"ನಾನು ಹೇಳಿರಲಿಲ್ವಾ," ಎಂದಳು ಅಮ್ಮ. ಚೆನ್ನಿಯ ಬೆರಳಿಗೆ ಬಟ್ಟೆಯ ಚೂರು ಸುತ್ತಿ ಗಂಟು ಹಾಕಿದಳು. "ಆ ಹಣ್ಣು ಸಿಗೋ ತನಕ ಗಿಡದ ಹತ್ತಿರ ಹೋಗಬೇಡ."

ಮಧ್ಯಾಹ್ನವಾಯಿತು. ಬಿಸಿಲಿಗೆ ಜೊಂಪು ಹತ್ತಿತು. ಗಾಳಿಗೂ ಹತ್ತಿತು. ಚೆನ್ನಿ ಹಣ್ಣು ಹುಡುಕಿಕೊಂಡು ಹೊರಟಳು.

ಬೇಲಿಯಾಚೆ ಸೀಬೆ ಮರ. ಮರದ ಪೊಟರೆಯಲ್ಲಿ ಅಳಿಲು. ಅಳಿಲಿಗೆ ಒಂದು ಮರಿ. ಮರಿ ಕಣ್ಣು ಮುಚ್ಚಿ ಮಲಗಿತ್ತು. ಅದರ ತಲೆಯ ಕೆಳಗೆ ಒಂದು ದಿಂಬು. ದಿಂಬು ಕೆಂಪಗಿತ್ತು.

"ಅಳಿಲೇ ಅಳಿಲೇ, ನನ್ನ ಹಣ್ಣು ಕೊಡು."

"ಮೆಲ್ಲಗೆ ಮಾತಾಡು. ಮರಿ ಮಲಗಿದೆ. ಬೇರೆ ದಿಂಬಿಗೆ ಹತ್ತಿ ತಾ. ಹಣ್ಣು ಕೊಡ್ತೀನಿ."

ಚೆನ್ನಿ ಹೋದಳು ಹಾಸಿಗೆ ಹೊಲಿಯುವ ಇಮಾಮಜ್ಜನ ಹತ್ತಿರ. ಅಜ್ಜ ಹತ್ತಿಯ ಗುಡ್ಡೆಗೆ ಒರಗಿ ತೂಕಡಿಸುತ್ತಿದ್ದ. ಹತ್ತಿಯ ಎಳೆಗಳು ಮೋಡದ ಮರಿಗಳ ಹಾಗೆ ತೇಲುತ್ತಿದ್ದವು.

"ಅಜ್ಜಾ ಅಜ್ಜಾ, ಹತ್ತಿ ಕೊಡು.
ಹತ್ತಿ ಅಳಿಲಿಗೆ.
ಅಳಿಲು ನನಗೆ ಹಣ್ಣು ಕೊಡುತ್ತೆ."

"ಬೆರಳಿಗೆ ಏನವ್ವ ಬಟ್ಟೆ?"

"ಗಿಡಕ್ಕೆ ತೋರಿಸಿದ್ದೆ."

"ಹಾಗಾದ್ರೆ ಅಳಿಲು ಬರೀ ನೆಪ. ಬೆರಳೇ ಮಾಡಿದ್ದು," ಎಂದ ಅಜ್ಜ. ಆಕಳಿಸಿದ. "ಕಣ್ಣು ಎಳೀತಿದೆ. ಚಹಾ ತಾ. ಹತ್ತಿ ಕೊಡ್ತೀನಿ."

ಚೆನ್ನಿ ಹೋದಳು ಚಹಾದಂಗಡಿಯ ಗಂಗಕ್ಕನ ಹತ್ತಿರ. ಒಲೆಯ ಮೇಲೆ ನೀರು ಗುಣುಗುಣು ಹಾಡುತ್ತಿತ್ತು. ಗಂಗಕ್ಕ ಅದನ್ನೇ ನೋಡುತ್ತಾ ಮನಸ್ಸಿನಲ್ಲೇ ಎಲ್ಲೋ ಹೋಗಿಬಿಟ್ಟಿದ್ದಳು.

"ಅಕ್ಕಾ ಅಕ್ಕಾ, ಚಹಾ ಕೊಡು.
ಚಹಾ ಇಮಾಮಜ್ಜನಿಗೆ. ಅಜ್ಜ ಹತ್ತಿ ಕೊಡ್ತಾನೆ.
ಹತ್ತಿ ಅಳಿಲಿಗೆ.
ಅಳಿಲು ನನಗೆ ಹಣ್ಣು ಕೊಡುತ್ತೆ."

"ಯಾವ ಬೆರಳು ಅದು, ತೋರಿಸು. ಬೇಡ ಬೇಡ, ಆ ಕಡೆ ಹಿಡಿ. ನನ್ನ ಹಾಲು ಒಡೆದಿದ್ದೂ ಇವತ್ತೇ," ಎಂದಳು ಗಂಗಕ್ಕ. "ಹಾಲು ತಾ. ಚಹಾ ಕೊಡ್ತೀನಿ."

ಚೆನ್ನಿ ಹೋದಳು ಮೇಕೆಯ ಹತ್ತಿರ. ಮೇಕೆ ಗೋಡೆಯ ನೆರಳಲ್ಲಿ ಮಲಗಿತ್ತು. ಬಾಯಲ್ಲಿ ಏನೂ ಇರಲಿಲ್ಲ. ಕನಸನ್ನೇ ಮೆಲುಕು ಹಾಕುತ್ತಿತ್ತು.

"ಮೇಕೆ ಮೇಕೆ, ಹಾಲು ಕೊಡು.
ಹಾಲು ಗಂಗಕ್ಕನಿಗೆ. ಅಕ್ಕ ಚಹಾ ಕೊಡ್ತಾಳೆ.
ಚಹಾ ಇಮಾಮಜ್ಜನಿಗೆ. ಅಜ್ಜ ಹತ್ತಿ ಕೊಡ್ತಾನೆ.
ಹತ್ತಿ ಅಳಿಲಿಗೆ.
ಅಳಿಲು ನನಗೆ ಹಣ್ಣು ಕೊಡುತ್ತೆ."

ಮೇಕೆ ಬೆರಳಿನ ವಿಷಯ ಕೇಳಲಿಲ್ಲ. ಬೆರಳಿನ ಬಟ್ಟೆಯನ್ನು ಮೂಸಿತು. ಎಳೆದು ತಿಂದಿತು. ಸಾಲಲಿಲ್ಲ.

"ಸೊಪ್ಪು ತಾ. ಹಾಲು ಕೊಡ್ತೀನಿ."

ಚೆನ್ನಿ ಹೋದಳು ದೇವೀರಜ್ಜಿಯ ಹತ್ತಿರ. ಅಜ್ಜಿಯ ಅಂಗಳದಲ್ಲಿ ಅಗಸೆ ಮರ. ಮರದ ತುಂಬ ಸೊಪ್ಪು. ಬೆರಳಿನ ಮಾತನ್ನು ಓಣಿಗೆಲ್ಲ ಹೇಳಿದವಳು ಈ ಅಜ್ಜಿಯೇ.

"ಅಜ್ಜೀ ಅಜ್ಜೀ, ಸೊಪ್ಪು ಕೊಡು.
ಸೊಪ್ಪು ಮೇಕೆಗೆ. ಮೇಕೆ ಹಾಲು ಕೊಡುತ್ತೆ.
ಹಾಲು ಗಂಗಕ್ಕನಿಗೆ. ಅಕ್ಕ ಚಹಾ ಕೊಡ್ತಾಳೆ.
ಚಹಾ ಇಮಾಮಜ್ಜನಿಗೆ. ಅಜ್ಜ ಹತ್ತಿ ಕೊಡ್ತಾನೆ.
ಹತ್ತಿ ಅಳಿಲಿಗೆ.
ಅಳಿಲು ನನಗೆ ಹಣ್ಣು ಕೊಡುತ್ತೆ."

"ನಿನ್ನ ಗಿಡ ಮರಿ ಹಾಕಿದೆಯಂತೆ," ಎಂದಳು ಅಜ್ಜಿ. "ಒಂದು ಮರಿ ಕೊಡು. ಸೊಪ್ಪು ಕೊಡ್ತೀನಿ."

ಮರಿ ಹಾಕಿದ್ದು ನಿಜ. ಗಿಡದಿಂದ ಮೂರು ಬಳ್ಳಿ ಹರಿದಿದ್ದವು. ಮೂರು ಬಳ್ಳಿಯ ತುದಿಗೆ ಮೂರು ಪುಟ್ಟ ಗಿಡ.

ಚೆನ್ನಿ ಅಜ್ಜಿಯನ್ನು ಹಿತ್ತಿಲಿಗೆ ಕರೆತಂದು ಬೇಲಿಯ ಹತ್ತಿರವೇ ನಿಂತಳು. ಅಮ್ಮ ಹತ್ತಿರ ಹೋಗಬೇಡ ಅಂದಿದ್ದಳಲ್ಲ. ಅಜ್ಜಿ ಬಕೆಟ್ಟಿನ ಮುಂದೆ ಕೂತಳು.

"ಯಾವ ಮರಿ ಕೀಳಲಿ?"

"ದೊಡ್ಡದು."

"ನನ್ನ ಕಣ್ಣಿಗೆ ಮೂರೂ ಒಂದೇ. ಬೆರಳು ತೋರಿಸು."

ಚೆನ್ನಿ ಬೆರಳು ಮಡಚಿ ತೋರಿಸಿದಳು.

"ಅದು ಎತ್ತ ನೋಡ್ತಿದೆಯೋ ಗೊತ್ತಾಗ್ತಿಲ್ಲ. ನೆಟ್ಟಗೆ ಮಾಡು."

"ಗಿಡಕ್ಕೆ ಹಾಗೆ ತೋರಿಸಬಾರದು ಅಂತ ನೀನೇ ಹೇಳಿದ್ದೆ."

ಅಜ್ಜಿ ಸ್ವಲ್ಪ ಯೋಚಿಸಿದಳು. "ನಾನೇ ಕೇಳಿದಾಗ ತೋರಿಸಬಹುದು," ಎಂದಳು.

ಚೆನ್ನಿ ತೋರಿಸಿದಳು. ನೆಟ್ಟಗಿನ ಬೆರಳು. ಅಜ್ಜಿ ಆ ಮರಿಯನ್ನು ಬೇರು ಸಮೇತ ಎತ್ತಿದಳು. ಮನೆಗೆ ಒಯ್ದು ಮಡಕೆಯಲ್ಲಿ ನೆಟ್ಟಳು.

ಮರಿ ಸಿಕ್ಕ ಅಜ್ಜಿ ಸೊಪ್ಪು ಕೊಟ್ಟಳು.
ಸೊಪ್ಪು ತಿಂದ ಮೇಕೆ ಹಾಲು ಕೊಟ್ಟಿತು.
ಹಾಲು ಕಾಸಿದ ಗಂಗಕ್ಕ ಚಹಾ ಕೊಟ್ಟಳು.
ಚಹಾ ಕುಡಿದ ಇಮಾಮಜ್ಜ ಹತ್ತಿ ಕೊಟ್ಟ.
ಹತ್ತಿ ಸಿಕ್ಕ ಅಳಿಲು ಮರಿಯ ತಲೆಯನ್ನು ಮೆಲ್ಲಗೆ ಎತ್ತಿತು. ಹಣ್ಣು ತೆಗೆಯಿತು. ಹತ್ತಿ ಇಟ್ಟಿತು. ಮರಿ ಏಳಲಿಲ್ಲ.

ಅಳಿಲು ಚೆನ್ನಿಗೆ ಹಣ್ಣು ಕೊಟ್ಟಿತು.

ಹಣ್ಣಿನ ಒಂದು ಮಗ್ಗುಲಲ್ಲಿ ಪುಟ್ಟ ಕಿವಿಯ ಅಚ್ಚಿತ್ತು. ಚೆನ್ನಿ ಅರ್ಧ ತಿಂದಳು. ಅರ್ಧ ಅಮ್ಮನಿಗೆ ಕೊಟ್ಟಳು.

"ನೋಡಿದ್ಯಾ, ಬಟ್ಟೆ ಕಟ್ಟಿದ್ದಕ್ಕೇ ಸಿಕ್ಕಿತು," ಎಂದಳು ಅಮ್ಮ. ಓಣಿಯವರೂ ಹೌದು ಹೌದು ಎಂದರು.

ಚೆನ್ನಿ ಬೆರಳು ತೋರಿಸಿದ ಆ ಮರಿ ಅಜ್ಜಿಯ ಮಡಕೆಯಲ್ಲಿ ಏಳು ಹಣ್ಣು ಬಿಟ್ಟಿತು, ಅಜ್ಜಿ ಏಳನ್ನೂ ತಿಂದಳು.