ಬಣ್ಣ ಒರೆಸಿಕೊಂಡ ರೆಕ್ಕೆ

ರೇಸು ಶುರುವಾಗುವ ಮುಂಚಿನ ಪರೀಕ್ಷೆಯ ಓಟದಲ್ಲಿ ಹೊಸ ಕಾರಿನ ಹಿಂಬದಿಗೆ ಅಡ್ಡ ಹಲಗೆಯಂತೆ ಕೂರಿಸಿದ ರೆಕ್ಕೆಯ ಜಂಬ ನೋಡಲಾಗುತ್ತಿರಲಿಲ್ಲ. "ಗಾಳಿಯನ್ನು ಹಿಡಿದು ಈ ಕಾರನ್ನು ನೆಲಕ್ಕೆ ಒತ್ತಿಟ್ಟಿರುವುದು ನಾನೇ" ಎನ್ನುತ್ತಿತ್ತು.

"ಹಾಗಾದರೆ ತಿರುವಿನಲ್ಲಿ ನಾನು ಜಾರುವುದೇಕೆ ತಾಯಿ? ಚರ್ಮವೆಲ್ಲ ಸುಲಿದುಹೋಗಿದೆ" ಎಂದಿತು ಹಿಂದಿನ ಚಕ್ರ.

"ನಿನ್ನ ನಡಿಗೆಯೇ ನೆಟ್ಟಗಿಲ್ಲ, ನನ್ನನ್ನೇಕೆ ಕೇಳುತ್ತೀ?"

ಗಾಳಿ ರೆಕ್ಕೆಗೆ ತಾಗುತ್ತಿದೆಯೋ ಇಲ್ಲವೋ ಎಂಬ ಅನುಮಾನ ಬಂದರೆ ಕೆಲಸದವರು ಕಾರಿನ ಮೈಗೆ ಹಸಿ ಹಸಿರು ಬಣ್ಣ ಬಳಿದು ಓಡಿಸುತ್ತಾರೆ. ಗಾಳಿ ಹಾದುಹೋದಲ್ಲೆಲ್ಲ ಬಣ್ಣ ಗೆರೆ ಎಳೆದುಕೊಳ್ಳುತ್ತದೆ. ಹಾಗೇ ಮಾಡಿದರು. ಕಾರು ಒಂದು ಸುತ್ತು ಹಾಕಿ ಬಂತು. ಕೆಲಸದವರು ಕಾರಿನ ಯಜಮಾನರನ್ನು ಕರೆತರಲು ಓಡಿದರು. ಮುಂಭಾಗದಲ್ಲೆಲ್ಲ ಬಾಚಿದ ಕೂದಲಿನಂಥ ಗೆರೆಗಳು. ರೆಕ್ಕೆಯ ಮೇಲೆ ಮಾತ್ರ ಬಣ್ಣ ಬಳಿದ ಹಾಗೇ ಕೂತಿತ್ತು.

"ಗಾಳಿ ಈ ಕಡೆ ತಲೆ ಹಾಕಿಯೂ ಮಲಗಿಲ್ಲ" ಎಂದಿತು ಬಣ್ಣ, ಎಲ್ಲರಿಗೂ ಕೇಳುವಂತೆ.

ರೆಕ್ಕೆಗೆ ಮೈಯೆಲ್ಲ ಉರಿ. "ಅಯ್ಯೋ ಮನೆಹಾಳಿ! ನನ್ನ ಮೈಮೇಲೆ ಕೂತು ನನ್ನ ಮಾನವನ್ನೇ ಹರಾಜು ಹಾಕುತ್ತೀಯಾ? ಏ ಬಟ್ಟೆ, ಯಜಮಾನರು ಬಂದು ನೋಡುವ ಮುಂಚೆ ಒರೆಸು ಇದನ್ನ!"

ಪಕ್ಕದಲ್ಲೇ ಬಿದ್ದಿದ್ದ ಒರೆಸುವ ಬಟ್ಟೆಯೋ, ಕರೆದರೆ ಸಾಕು ಎಂದು ಕಾದಿತ್ತು. ತಿಕ್ಕಿ ತಿಕ್ಕಿ ಒರೆಸಿತು. "ಹಾಗಾದರೆ ನನ್ನ ಗತಿ?" ಎಂದು ಚಕ್ರ ಕೂಗಿಕೊಂಡದ್ದು ಯಾರಿಗೆ ಬೇಕು? ರೆಕ್ಕೆ ಹೊಳೆಯಿತು, ಯಜಮಾನರು ಭೇಷ್ ಎಂದರು. ಮುಂದಿನ ಸುತ್ತಿನ ಮೊದಲ ತಿರುವಿನಲ್ಲೇ ಚಕ್ರ ಜಾರಿತು, ಕಾರು ಗಿರಕಿ ಹೊಡೆದು ಹಿಂಬದಿಯಿಂದ ಗೋಡೆಗೆ ಬಡಿಯಿತು. ಪಾಪದ ಚಕ್ರ ಸಿಡಿದೇ ಹೋಯಿತು.

ರೆಕ್ಕೆ ಎರಡು ತುಂಡಾಗಿ ಗುಜರಿಯಲ್ಲಿ ಬಿದ್ದಿದೆ. ನಾಚಿಕೆ ಬೇಡವೇ ಅದಕ್ಕೆ? ಬಂದವರಿಗೆಲ್ಲ ಹೇಳುತ್ತಿದೆಯಂತೆ: "ಎಲ್ಲ ಸರಿಯಾಗಿಯೇ ಇತ್ತು ಕಣ್ರೀ. ಆ ಹಸಿರು ಬಣ್ಣದ ಕಣ್ಣು ಬಿತ್ತು."