ಮೊಳೆ ಹೊಡೆಯದ ಹಲಗೆ

"ಗುರುಗಳೇ, ಯಜಮಾನ ಹೇಳಿದ್ದನ್ನಷ್ಟೇ ಮಾಡಿದ ಕೆಲಸದವನಿಗೂ ಪಾಪ ತಟ್ಟುತ್ತದೆಯೇ?" ಎಂದು ಶಿಷ್ಯ ಕೇಳಿದ. ಭಕ್ತರೊಬ್ಬರು ಕೊಟ್ಟ ಜಮಖಾನವನ್ನು ಅವನು ಆಗಷ್ಟೇ ಹಾಸಿದ್ದ. ಗುರುಗಳು ಅದನ್ನು ಪಕ್ಕಕ್ಕೆ ಸರಿಸಿ, ಬರಿನೆಲದ ಮೇಲೆ ಕುಳಿತು ಈ ಕತೆ ಹೇಳಿದರು.

ಒಬ್ಬ ವರ್ತಕ ಸಮುದ್ರ ವಿಹಾರಕ್ಕೆಂದು ಎಂಜಿನ್ ಇರುವ ಮರದ ಹಡಗು ಕಟ್ಟಿಸಿದ. ಒಳಗೆಲ್ಲ ಅರಮನೆಯಂತಿರಬೇಕು ಎಂದು ಅವನ ಹಟ. ಮಲಗಲು ಮೂರು ಕೋಣೆ, ಬಿಸಿನೀರಿನ ಬಚ್ಚಲು, ಗೋಡೆ ತುಂಬ ಕನ್ನಡಿ, ಕೂರಲು ಮಖಮಲ್ಲಿನ ಆಸನ. ಇಷ್ಟೆಲ್ಲದರ ನಡುವೆ, ಕೂರುವ ಕೋಣೆಯ ನೆಲದಲ್ಲಿ ಒಂದು ಹಲಗೆಗೆ ಮಾತ್ರ ಮೊಳೆ ಹೊಡೆದಿರಲಿಲ್ಲ. ಮರದ ಹಡಗಿನ ತಳದಲ್ಲಿ ನೀರು ಜಿನುಗುವುದು ತಪ್ಪದು. ದಿನಾ ಬೆಳಿಗ್ಗೆ ಆ ಹಲಗೆ ಎತ್ತಿ, ಕೋಲು ಇಳಿಸಿ ನೀರಿನ ಮಟ್ಟ ನೋಡುವುದು ನಾವಿಕರ ಪದ್ಧತಿ.

ಅಲ್ಲಿಂದ ಬರುವ ವಾಸನೆ ವರ್ತಕನಿಗೆ ಹಿಡಿಸಲಿಲ್ಲ. ಬಡಗಿಯನ್ನು ಕರೆದು, ನೆಲಕ್ಕೆಲ್ಲ ಬೀಟೆ ಮರ ಹೊದಿಸಲು ಹೇಳಿದ.

"ಧಣಿ, ಆ ಹಲಗೆ ಎತ್ತೋ ಹಾಗಿರಬೇಕು," ಎಂದ ಬಡಗಿ.

"ಬಂದ ನೆಂಟರಿಗೆ ಕೊಳೆನೀರು ತೋರಿಸಲೇನು? ನೀರೆತ್ತೋಕೆ ಪಂಪು ಇದೆ. ಮುಚ್ಚು. ಎಲ್ಲಿತ್ತು ಅಂತಾನೂ ಗೊತ್ತಾಗಬಾರದು."

ಬಡಗಿ ಎರಡನೆಯ ಸಲ ಹೇಳಲಿಲ್ಲ. ಅವನಿಗೂ ಕೈಚಳಕ ತೋರಿಸುವ ಚಪಲ. ಸಂದಿನಲ್ಲಿ ಕೂದಲೂ ತೂರದಂತೆ ಮರ ಕೂಡಿಸಿದ. ವರ್ತಕ ಬೆನ್ನು ತಟ್ಟಿದ. ಮೇಲೆ ಥಳಕು, ಒಳಗೆ ಹುಳುಕು ಎಂಬ ಗಾದೆ ಇಬ್ಬರಿಗೂ ಗೊತ್ತಿದ್ದದ್ದೇ. ಕೆಲಸದ ವೇಳೆ ಹಡಗಿನ ತಳಕ್ಕೆ ಉದುರಿದ ಮರದ ಚಕ್ಕೆಗಳನ್ನು ಯಾರೂ ಬಾಚಿ ತೆಗೆಯಲಿಲ್ಲ.

ವರ್ತಕ ಹೆಂಡತಿ, ಮಕ್ಕಳು, ನೆಂಟರೊಂದಿಗೆ ಹೊರಟ. ಪಂಪನ್ನು ನಂಬಿ ನಾವಿಕರೂ ನೀರಿನ ಮಟ್ಟ ನೋಡುವುದನ್ನು ಬಿಟ್ಟರು. ಎಂಟನೆಯ ದಿನ ಹಡಗು ಒಂದು ಕಡೆಗೆ ವಾಲಿತು. ಪಂಪಿಗೆ ಆ ಚಕ್ಕೆಗಳು ಸಿಕ್ಕಿಕೊಂಡು ಅದು ನಿಂತುಹೋಗಿತ್ತು. ಕೆಳಗಿಳಿದು ಬಿಡಿಸೋಣವೆಂದು ನಾವಿಕರು ಮಂಡಿಯೂರಿ ಹಲಗೆ ಹುಡುಕಿದರು. ನೆಲವನ್ನೆಲ್ಲ ಅಂಗೈಯಿಂದ ಸವರಿದರು. ಸಂದು ಸಿಗಲಿಲ್ಲ. ಕೊಡಲಿ ತಂದು ಒಡೆಯುವಷ್ಟರಲ್ಲಿ ಕಾಲ ಮೀರಿತ್ತು. ಈಜಿ ದಡ ಸೇರಿದ ಒಬ್ಬನೇ ನಾವಿಕ ಇಷ್ಟನ್ನು ಹೇಳಿದ. ಉಳಿದವರೆಲ್ಲ ಮುಳುಗಿದರು. ಅವರಲ್ಲಿ ಇನ್ನೂ ಹಾಲು ಬಿಡದ ಒಂದು ಕೂಸೂ ಇತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಆ ಬಡಗಿಗೆ ಏನಾಯಿತು?"

"ಏನೂ ಆಗಲಿಲ್ಲ ಮಗು, ಆ ನೆಲ ಕೂಡಿಸಿದವನು ನೀನೇನಾ ಎಂದು ಇವತ್ತಿನವರೆಗೂ ಯಾರೂ ನನ್ನನ್ನು ಕೇಳಲಿಲ್ಲ."